ಒಂದೂವರೆ ಅಂಗುಲದ ಸುರಂಗ

ನನ್ನ ತಂಗಿಯ ಮಗಳಿಗೆ ಎರಡು ವರ್ಷ ತುಂಬುವುದರೊಳಗೆ ನಾಲ್ಕು ಸಲ ಜ್ವರ ಬಂದಿತ್ತು. ನಾಲ್ಕು ಸಲವೂ ಶೀತವಿಲ್ಲ, ಕೆಮ್ಮಿಲ್ಲ, ಭೇದಿಯಿಲ್ಲ; ಇದ್ದಕ್ಕಿದ್ದಂತೆ 103 ಡಿಗ್ರಿ. ಬೇಲೂರು ಕಡೆಯ ನಮ್ಮ ಮನೆಯಲ್ಲಿ ಕಾರಣಗಳಿಗೇನೂ ಬರವಿರಲಿಲ್ಲ. ಹಲ್ಲು ಬರುತ್ತಿದೆ ಎಂದರು ಒಬ್ಬರು, ದೃಷ್ಟಿಯಾಗಿದೆ ಎಂದರು ಇನ್ನೊಬ್ಬರು. ದೊಡ್ಡಮ್ಮ ಮಾತ್ರ ಮಗುವಿನ ಬಟ್ಟೆ ಮೂಸಿ ನೋಡಿ, 'ಉಚ್ಚೆ ನಾರುತ್ತಿದೆ, ಮೈಗೆ ಉಷ್ಣವಾಗಿದೆ' ಎಂದು ಬಾರ್ಲಿ ನೀರು ಕಾಯಿಸಿ ಕುಡಿಸಿದರು. ಮದ್ದಿನ ವಿಷಯದಲ್ಲಿ ಅವರು ತಪ್ಪಿದ್ದರು. ಆದರೆ ಜ್ವರದ ಮೂಲ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದವರು ಅಷ್ಟೂ ದಿನದಲ್ಲಿ ಅವರೊಬ್ಬರೇ. ನಾವು ಹೋಗುತ್ತಿದ್ದ ಚಿಕಿತ್ಸಾಲಯದಲ್ಲಿ ಪ್ರತಿ ಸಲವೂ 'ವೈರಲ್' ಎಂದು ಬರೆದು ಆಂಟಿಬಯಾಟಿಕ್ ಸಿರಪ್ ಕೊಟ್ಟು ಕಳಿಸಿದ್ದರು. ಸಿರಪ್ಪಿಗೆ ಜ್ವರ ಇಳಿಯುತ್ತಿತ್ತು, ಜೊತೆಗೆ ಅದರ ಸುಳಿವೂ ಅಳಿಸಿಹೋಗುತ್ತಿತ್ತು. ಮೂತ್ರ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಿರಲಿಲ್ಲ.

ಐದನೆಯ ಸಲ ಹಾಸನದ ಮಕ್ಕಳ ವೈದ್ಯರೊಬ್ಬರು ಸಿರಪ್ ಬರೆಯುವ ಮೊದಲು ಮೂತ್ರವನ್ನು ಕಲ್ಚರಿಗೆ ಕಳಿಸಿದರು. ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಯಿತು. ಮಕ್ಕಳ ಮೂತ್ರದ ಸೋಂಕುಗಳಲ್ಲಿ ಬಹುಪಾಲು ಇದರದೇ ಕೈವಾಡ. ನಮ್ಮ ಕರುಳಿನಲ್ಲಿ ಸದಾ ಇರುವ ಜೀವಿ ಇದು. ಆಮೇಲೆ ಅಲ್ಟ್ರಾಸೌಂಡ್, ಎಕ್ಸ್‌ರೇ, ಮತ್ತೊಂದು ಸ್ಕ್ಯಾನ್, ಕೊನೆಗೆ ಒಂದು ಶಸ್ತ್ರಚಿಕಿತ್ಸೆ. ಆ ಎರಡು ವರ್ಷಗಳಲ್ಲಿ ನಾನು ಕೇಳಿ, ಓದಿ, ವೈದ್ಯರ ತಲೆ ತಿಂದು ತಿಳಿದುಕೊಂಡದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಆಗ ಇಂಥದೊಂದು ಬರಹ ಕನ್ನಡದಲ್ಲಿ ನಮ್ಮ ಕೈಗೆ ಸಿಕ್ಕಿದ್ದರೆ ತಂಗಿ ಅಷ್ಟು ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

ಮೊದಲು ಒಂದು ಪದದ ಗೊಂದಲ ಬಗೆಹರಿಸಬೇಕು. ಮೂತ್ರಕೋಶ ಎಂಬ ಪದವನ್ನು ಕೆಲವರು ಕಿಡ್ನಿಗೂ ಬಳಸುತ್ತಾರೆ, ಮೂತ್ರ ತುಂಬಿಕೊಳ್ಳುವ ಚೀಲಕ್ಕೂ ಬಳಸುತ್ತಾರೆ. ಇಲ್ಲಿ ಮೂತ್ರಕೋಶ ಎಂದರೆ ಕಿಬ್ಬೊಟ್ಟೆಯಲ್ಲಿರುವ ಚೀಲ. ಬೆನ್ನಿನ ಎರಡೂ ಬದಿಗೆ ಇರುವುದು ಕಿಡ್ನಿ, ಅಂದರೆ ಮೂತ್ರಪಿಂಡ. ಅಲ್ಲಿಂದ ಚೀಲಕ್ಕೆ ಇಳಿದುಬರುವ ಎರಡು ಸಣ್ಣ ಕೊಳವೆಗಳು ಮೂತ್ರನಾಳಗಳು. ಚೀಲದಿಂದ ಹೊರಗೆ ಹೋಗುವ ದಾರಿಯನ್ನು ಹೊರನಾಳ ಎನ್ನೋಣ.

ಮೂತ್ರ ಕೆಳಕ್ಕೆ ಇಳಿಯುವುದು ಬರಿಯ ಇಳಿಜಾರಿನಿಂದಲ್ಲ. ಮೂತ್ರನಾಳದ ಗೋಡೆಯಲ್ಲಿ ಸ್ನಾಯುವಿದೆ. ಅದು ಎರೆಹುಳು ಹರಿದಂತೆ ಅಲೆಯಲೆಯಾಗಿ ಹಿಸುಕಿ ಮೂತ್ರವನ್ನು ತುಸು ತುಸುವೇ ಚೀಲಕ್ಕೆ ತಳ್ಳುತ್ತದೆ. ತಲೆ ಕೆಳಗಾಗಿ ನಿಂತರೂ ಅದರ ಕೆಲಸ ನಿಲ್ಲದು. ಪ್ರಶ್ನೆ ಇರುವುದು ಇನ್ನೊಂದು ಕಡೆ. ಚೀಲ ತುಂಬಿ, ಅದರ ಸ್ನಾಯು ಬಿಗಿದು ಮೂತ್ರವನ್ನು ಹೊರಕ್ಕೆ ದೂಡುವಾಗ ಒಳಗೆ ಒತ್ತಡ ಏರುತ್ತದೆ. ಆ ಹೊತ್ತಿನಲ್ಲಿ ಮೂತ್ರ ಬಂದ ದಾರಿಯಲ್ಲೇ ಯಾಕೆ ಹಿಂದಿರುಗುವುದಿಲ್ಲ? ಎರಡನೆಯ ಶತಮಾನದ ವೈದ್ಯ ಗ್ಯಾಲೆನ್ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ಗಮನಿಸಿದ್ದ: ತುಂಬಿದ ಚೀಲವನ್ನು ಎಷ್ಟು ಹಿಸುಕಿದರೂ ಮೂತ್ರ ನಾಳಗಳಿಗೆ ಮರಳುವುದಿಲ್ಲ.

ತೋಟದವರಿಗೆ ತಟ್ಟನೆ ನೆನಪಾಗುವುದು ಫುಟ್‌ವಾಲ್ವ್. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಕಾಫಿಗೆ ಸ್ಪ್ರಿಂಕ್ಲರ್ ಹಚ್ಚುತ್ತೇವಲ್ಲ, ಆಗ ಕೆರೆಯೊಳಗಿನ ಫುಟ್‌ವಾಲ್ವ್ ಕೆಟ್ಟಿದ್ದರೆ ಪೈಪಿನ ನೀರೆಲ್ಲ ಕೆಳಗಿಳಿದು ಮೋಟಾರು ಬರಿದೇ ತಿರುಗುತ್ತದೆ. ನಾನೂ ಮೊದಲು ಹಾಗೆಯೇ ಕಲ್ಪಿಸಿಕೊಂಡಿದ್ದೆ: ಮಗುವಿನ ನಾಳದ ತುದಿಯಲ್ಲಿ ಒಂದು ಮುಚ್ಚಳ ಇರಬೇಕು, ಅದು ಕೆಟ್ಟಿದೆ, ಶಸ್ತ್ರಚಿಕಿತ್ಸೆಯಲ್ಲಿ ಹೊಸದನ್ನು ಕೂರಿಸುತ್ತಾರೆ ಎಂದು. ಅದು ತಪ್ಪು ಕಲ್ಪನೆ. ಅಲ್ಲಿ ಮುಚ್ಚಳವೆಂಬುದೇ ಇಲ್ಲ.

ಸರಿಯಾದ ಹೋಲಿಕೆ ಸಿಕ್ಕಿದ್ದು ಹಳೆಯ ಸೈಕಲ್ಲಿನಲ್ಲಿ. ನನ್ನ ವಯಸ್ಸಿನವರು ವಾಲ್‌ಟ್ಯೂಬ್ ಬದಲಿಸಿಯೇ ಬದಲಿಸಿರುತ್ತಾರೆ. ಸಣ್ಣ ಲೋಹದ ಕಡ್ಡಿ, ಅದರ ಪಕ್ಕದಲ್ಲೊಂದು ತೂತು, ಮೇಲೆ ತೊಡಿಸಿದ ತೆಳ್ಳಗಿನ ರಬ್ಬರ್ ಕೊಳವೆ. ಗಾಳಿ ಹೊಡೆದಾಗ ರಬ್ಬರ್ ಎದ್ದು ದಾರಿ ಬಿಡುತ್ತದೆ. ಹೊಡೆಯುವುದು ನಿಂತೊಡನೆ ಒಳಗಿನ ಗಾಳಿಯೇ ರಬ್ಬರನ್ನು ಕಡ್ಡಿಗೆ ಒತ್ತಿ ದಾರಿ ಮುಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಮುಚ್ಚಿಗೆ ಬಿಗಿ. ರಬ್ಬರಿನ ತುಂಡು ಗಿಡ್ಡವಾಗಿದ್ದರೆ ಗಾಳಿ ನಿಲ್ಲುವುದಿಲ್ಲ.

ಮೂತ್ರನಾಳದ ಏರ್ಪಾಡೂ ಹೆಚ್ಚುಕಡಿಮೆ ಇದೇ. ನಾಳವು ಚೀಲದ ಗೋಡೆಯನ್ನು ನೇರವಾಗಿ ಕೊರೆದು ಒಳಬರುವುದಿಲ್ಲ. ಓರೆಯಾಗಿ ನುಗ್ಗಿ, ಸ್ನಾಯುವನ್ನು ದಾಟಿ, ಒಳಪದರದ ಅಡಿಯಲ್ಲಿ ಸ್ವಲ್ಪ ದೂರ ಸುರಂಗದಲ್ಲಿ ಸಾಗಿ ಆಮೇಲೆ ಬಾಯಿ ತೆರೆಯುತ್ತದೆ. ಚೀಲ ತುಂಬಿದಾಗ ಒಳಗಿನ ಮೂತ್ರವೇ ಆ ಸುರಂಗದ ಮೇಲ್ಛಾವಣಿಯನ್ನು ಹಿಂದಿನ ಸ್ನಾಯುವಿಗೆ ಅದುಮಿ ನಾಳವನ್ನು ಚಪ್ಪಟೆ ಮಾಡುತ್ತದೆ. ಇದಕ್ಕೆ ಎರಡೇ ಷರತ್ತು. ಸುರಂಗ ಸಾಕಷ್ಟು ಉದ್ದ ಇರಬೇಕು, ಹಿಂದೆ ಗಟ್ಟಿಯಾದ ಸ್ನಾಯುವಿನ ಆಸರೆ ಇರಬೇಕು. ಸಾಕಷ್ಟು ಎಂದರೆ ಎಷ್ಟು? ಶಸ್ತ್ರಚಿಕಿತ್ಸಕರು 1959ರಿಂದ ಹಿಡಿದುಕೊಂಡು ಬಂದ ಲೆಕ್ಕ ಒಂದಕ್ಕೆ ಐದು: ನಾಳದ ಅಗಲಕ್ಕಿಂತ ಸುರಂಗದ ಉದ್ದ ಐದು ಪಟ್ಟು ಇರಬೇಕು.

ಕೆಲವು ಮಕ್ಕಳು ಹುಟ್ಟುವಾಗಲೇ ಗಿಡ್ಡ ಸುರಂಗದೊಂದಿಗೆ ಹುಟ್ಟುತ್ತಾರೆ. ಅವರಲ್ಲಿ ಮೂತ್ರ ಚೀಲದಿಂದ ನಾಳಕ್ಕೆ, ಕೆಲವೊಮ್ಮೆ ಕಿಡ್ನಿಯವರೆಗೂ ಹಿಮ್ಮುಖವಾಗಿ ಏರುತ್ತದೆ. ವೈದ್ಯರು ಇದನ್ನು ರಿಫ್ಲಕ್ಸ್ ಎನ್ನುತ್ತಾರೆ. ಇದು ಅಪರೂಪದ ಕಾಯಿಲೆಯಲ್ಲ. ನೂರು ಮಕ್ಕಳಲ್ಲಿ ಒಂದಕ್ಕಾದರೂ ಇರುತ್ತದೆ ಎಂಬುದು ಬಹುಕಾಲದಿಂದ ಇರುವ ಅಂದಾಜು. ಜ್ವರದೊಡನೆ ಮೂತ್ರದ ಸೋಂಕು ಬಂದ ಮಕ್ಕಳನ್ನಷ್ಟೇ ತೆಗೆದುಕೊಂಡರೆ ಸುಮಾರು ಮೂರರಲ್ಲಿ ಒಂದು. ಒಂದು ಮಗುವಿಗೆ ಇದ್ದರೆ ಅದರ ಒಡಹುಟ್ಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಇರಬಹುದು. ಮನೆತನದಲ್ಲಿ ಬರುತ್ತದೆ ಎಂಬ ಮಾತು ಕೇಳಿದೊಡನೆ ನಮ್ಮಲ್ಲಿ ಯಾರ ಕಡೆಯಿಂದ ಬಂತು ಎಂಬ ಪಂಚಾಯಿತಿ ಶುರುವಾಗುತ್ತದೆ. ನಮ್ಮ ಮನೆಯಲ್ಲೂ ಒಂದು ವಾರ ನಡೆಯಿತು. ಅದರಿಂದ ಯಾರಿಗೂ ಏನೂ ಸಿಗಲಿಲ್ಲ.

ಮೂತ್ರ ಸ್ವಚ್ಛವಾಗಿದ್ದರೆ, ಒತ್ತಡ ಮಿತಿಯಲ್ಲಿದ್ದರೆ, ಹಿಂದಕ್ಕೆ ಹರಿದರೂ ಸಾಮಾನ್ಯವಾಗಿ ದೊಡ್ಡ ಹಾನಿಯಿಲ್ಲ. ಕೇಡು ಆಗುವುದು ಅದರ ಜೊತೆ ಬ್ಯಾಕ್ಟೀರಿಯಾ ಸವಾರಿ ಮಾಡಿದಾಗ. ಚೀಲದಲ್ಲಿ ಉಳಿಯಬೇಕಾದ ಸೋಂಕು ಕಿಡ್ನಿಗೆ ತಲಪಿ ಜ್ವರ ಏರಿಸುತ್ತದೆ, ಬೆಂದ ಜಾಗದಲ್ಲಿ ಕಲೆ ಉಳಿಯುತ್ತದೆ. ಚರ್ಮದ ಮೇಲಿನ ಕಲೆಯಂತೆಯೇ ಅದು. ಅಷ್ಟು ಭಾಗ ಮತ್ತೆ ಕೆಲಸ ಮಾಡುವುದಿಲ್ಲ. ಕಲೆಗಳು ಹೆಚ್ಚಾದರೆ ಮುಂದೆ ರಕ್ತದೊತ್ತಡ, ಮೂತ್ರದಲ್ಲಿ ಪ್ರೋಟೀನ್ ಸೋರಿಕೆ, ಕೊನೆಗೆ ಕಿಡ್ನಿ ಸೋಲುವುದೂ ಉಂಟು. ಹಸುಗೂಸುಗಳ, ಪುಟ್ಟ ಮಕ್ಕಳ ಕಿಡ್ನಿಗೆ ಈ ಅಪಾಯ ಹೆಚ್ಚು. ಸೋಂಕಿಗೆ ಸರಿಯಾದ ಔಷಧ ಬೀಳಲು ತಡವಾದಷ್ಟೂ ಕಲೆಯ ಸಾಧ್ಯತೆ ಏರುತ್ತದೆ. ಹಾಗಾಗಿ, ಕಾರಣ ಕಾಣದ ಜ್ವರ ಬಂದ ಕೂಸಿಗೆ ಆಂಟಿಬಯಾಟಿಕ್ ಕೊಡುವ ಮೊದಲೇ ಮೂತ್ರ ಪರೀಕ್ಷೆ ಆಗಬೇಕು.

ಈ ಪರೀಕ್ಷೆಯಲ್ಲೇ ಹಳ್ಳಿಗಾಡಿನವರು ಸೋಲುತ್ತೇವೆ. ಕಲ್ಚರ್ ಎಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಎಣಿಸುವುದು. ಹಿಡಿದ ಮೂತ್ರದಲ್ಲಿ ಒಂದು ಮಿಲಿಲೀಟರಿಗೆ ಒಂದು ಲಕ್ಷಕ್ಕೂ ಮೇಲ್ಪಟ್ಟು ಒಂದೇ ಜಾತಿಯ ಬ್ಯಾಕ್ಟೀರಿಯಾ ಬೆಳೆದರೆ ಸೋಂಕು ಎನ್ನುತ್ತಾರೆ. ಬೆಳಿಗ್ಗೆ ಏಳಕ್ಕೆ ಬೇಲೂರಿನ ಆಚೆಯ ಹಳ್ಳಿಯಲ್ಲಿ ಡಬ್ಬಿಗೆ ಹಿಡಿದ ಮೂತ್ರ ಬಸ್ಸಿನಲ್ಲಿ ಬೆಚ್ಚಗೆ ಕುಳಿತು 40 ಕಿಲೋಮೀಟರ್ ದಾಟಿ ಹಾಸನದ ಪ್ರಯೋಗಾಲಯಕ್ಕೆ ಹತ್ತೂವರೆಗೆ ತಲಪಿದರೆ, ದಾರಿಯಲ್ಲೇ ಅದು ಸಂತೆಯಾಗಿರುತ್ತದೆ. ಒಂದು ಗಂಟೆಯೊಳಗೆ ತಲಪಿಸಬೇಕು, ಇಲ್ಲದಿದ್ದರೆ ಮಂಜುಗಡ್ಡೆಯ ತಂಪಿನಲ್ಲಿ ಒಯ್ಯಬೇಕು. ಇನ್ನೂ ಒಳ್ಳೆಯದೆಂದರೆ ಮಗುವನ್ನೇ ಅಲ್ಲಿಗೆ ಕರೆದೊಯ್ದು, ನೀರು ಕುಡಿಸಿ, ಕಾದು ಹಿಡಿಯುವುದು. ಕೂಸುಗಳಿಗೆ ಅಂಟಿಸುವ ಪ್ಲಾಸ್ಟಿಕ್ ಚೀಲದ ಮಾದರಿಯಲ್ಲಿ ಚರ್ಮದ ಕೊಳೆಯೂ ಸೇರುತ್ತದೆ. ಕಲ್ಚರಿಗೆ ಅದನ್ನು ನೆಚ್ಚುವಂತಿಲ್ಲ. ತೀರಾ ಸಣ್ಣ ಮಕ್ಕಳಲ್ಲಿ ಹೊರನಾಳದ ಮೂಲಕ ಕ್ಯಾಥೆಟರ್ ಎಂಬ ತೆಳ್ಳನೆಯ ಕೊಳವೆ ಹಾಕಿ ಮೂತ್ರ ತೆಗೆಯುತ್ತಾರೆ. ನೋಡಲು ಕಷ್ಟವಾದರೂ ಬೇಡವೆನ್ನಬಾರದು.

ಸೋಂಕು ಖಚಿತವಾದ ಮೇಲೆ ಅಲ್ಟ್ರಾಸೌಂಡ್ ಮಾಡುತ್ತಾರೆ. ಅದರಲ್ಲಿ ಕಿಡ್ನಿಯ ಗಾತ್ರ, ಊತ ಕಾಣುತ್ತದೆ. ಹಿಮ್ಮುಖ ಹರಿವು ಕಾಣುವುದಿಲ್ಲ. ಅಲ್ಟ್ರಾಸೌಂಡ್ ಸರಿಯಿದೆ ಎಂದಮಾತ್ರಕ್ಕೆ ರಿಫ್ಲಕ್ಸ್ ಇಲ್ಲ ಎಂದಾಗದು. ಅದನ್ನು ಕಣ್ಣಾರೆ ನೋಡಲು ಇರುವುದು ಎಂಸಿಯು ಎಂಬ ಎಕ್ಸ್‌ರೇ ಪರೀಕ್ಷೆ. ಕ್ಯಾಥೆಟರ್ ಮೂಲಕ ಚೀಲಕ್ಕೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ದ್ರವ ತುಂಬಿಸಿ, ತುಂಬುವಾಗಲೂ ಮಗು ಉಚ್ಚೆ ಹೊಯ್ಯುವಾಗಲೂ ಚಿತ್ರ ತೆಗೆಯುತ್ತಾರೆ. ಎಷ್ಟು ತುಂಬಿಸಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ: ಮಗುವಿನ ವಯಸ್ಸಿಗೆ ಎರಡು ಸೇರಿಸಿ 30ರಿಂದ ಗುಣಿಸಿದರೆ ಚೀಲದ ಅಂದಾಜು ಅಳತೆ ಮಿಲಿಲೀಟರಿನಲ್ಲಿ ಸಿಗುತ್ತದೆ. ಎರಡು ವರ್ಷದ ಮಗುವಿಗೆ 120, ಅಂದರೆ ಒಂದು ಸಣ್ಣ ಲೋಟ. ಅಪರಿಚಿತರ ನಡುವೆ ಮೇಜಿನ ಮೇಲೆ ಮಲಗಿ ಉಚ್ಚೆ ಹೊಯ್ಯಬೇಕಾದ ಆ ಹತ್ತು ನಿಮಿಷ ಮಗುವಿಗೆ ಹಿಂಸೆ. ಇಡೀ ಚಿಕಿತ್ಸೆಯಲ್ಲಿ ನಮ್ಮ ಹುಡುಗಿ ಇಂದಿಗೂ ನೆನೆದು ಮುಖ ಸಿಂಡರಿಸುವುದು ಶಸ್ತ್ರಚಿಕಿತ್ಸೆಯನ್ನಲ್ಲ, ಈ ಪರೀಕ್ಷೆಯನ್ನು.

ಎಂಸಿಯು ಚಿತ್ರ ನೋಡಿ ರಿಫ್ಲಕ್ಸಿಗೆ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ದ್ರವ ನಾಳದೊಳಕ್ಕೆ ಮಾತ್ರ ಏರಿದರೆ ಒಂದು. ಕಿಡ್ನಿಯವರೆಗೆ ಏರಿಯೂ ಏನೂ ಉಬ್ಬದಿದ್ದರೆ ಎರಡು. ಅಲ್ಲಿಂದ ಮುಂದೆ ಉಬ್ಬು ಹೆಚ್ಚುತ್ತಾ ಹೋಗಿ, ಐದನೆಯದರಲ್ಲಿ ನಾಳ ಹಿಗ್ಗಿ ಹಾವಿನಂತೆ ಸುತ್ತಿಕೊಂಡಿರುತ್ತದೆ. ನಮ್ಮ ಮಗುವಿಗೆ ಎಡಕ್ಕೆ ನಾಲ್ಕು, ಬಲಕ್ಕೆ ಎರಡು.

ಇನ್ನೊಂದು ಪರೀಕ್ಷೆ ಡಿಎಂಎಸ್‌ಎ ಸ್ಕ್ಯಾನ್. ಕಿಡ್ನಿಯ ಜೀವಂತ ಭಾಗಕ್ಕೆ ಮಾತ್ರ ಅಂಟುವ ವಿಕಿರಣದ ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಎರಡು ಮೂರು ಗಂಟೆ ಬಿಟ್ಟು ಚಿತ್ರ ತೆಗೆಯುತ್ತಾರೆ. ಔಷಧ ಅಂಟದ ಕಡೆ ಕಲೆ. ಸೋಂಕು ತಗ್ಗಿ ನಾಲ್ಕಾರು ತಿಂಗಳಾದ ಮೇಲೆ ಮಾಡಿದರೆ ಮಾತ್ರ ಶಾಶ್ವತ ಕಲೆ ಯಾವುದು, ಆಗಿನ ಬಾವು ಯಾವುದು ಎಂದು ಬೇರ್ಪಡಿಸಲು ಸಾಧ್ಯ. ಇದಕ್ಕಾಗಿ ನಾವು ಘಟ್ಟ ಇಳಿದು ಮಂಗಳೂರಿಗೆ ಹೋದೆವು. ಎಡ ಕಿಡ್ನಿಯ ಮೇಲ್ತುದಿಯಲ್ಲಿ ಒಂದು ಕಲೆ ಕಾಣಿಸಿತು. 'ವೈರಲ್' ಎಂದು ಬರೆದ ನಾಲ್ಕು ಚೀಟಿಗಳು ಆಗ ನನಗೆ ನೆನಪಾದವು.

ಇಷ್ಟು ಓದಿದವರಿಗೆ ಅನಿಸಬಹುದು: ಸುರಂಗ ಗಿಡ್ಡ ಎಂದು ಗೊತ್ತಾಯಿತಲ್ಲ, ಉದ್ದ ಮಾಡಿಸಿಬಿಡುವುದಲ್ಲವೇ? ತಂಗಿಯ ಗಂಡ ಅಂದೇ ಕೇಳಿದ ಪ್ರಶ್ನೆ ಅದು. ವೈದ್ಯರ ಉತ್ತರ, 'ಮಗು ಬೆಳೆದಂತೆ ಸುರಂಗವೂ ಬೆಳೆಯುತ್ತದೆ.' ಈ ಒಂದು ಮಾತು ಹಲವು ಶಸ್ತ್ರಚಿಕಿತ್ಸೆಗಳನ್ನು ತಪ್ಪಿಸುತ್ತದೆ. ಒಂದನೆಯ ಮತ್ತು ಎರಡನೆಯ ದರ್ಜೆಯ ರಿಫ್ಲಕ್ಸ್ ಐದು ವರ್ಷಗಳೊಳಗೆ ಹತ್ತರಲ್ಲಿ ಎಂಟು ಮಕ್ಕಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಮೂರನೆಯದರಲ್ಲಿ ಸುಮಾರು ಅರ್ಧದಷ್ಟು. ನಾಲ್ಕು ಐದಕ್ಕೆ ಆ ಭಾಗ್ಯ ಕಡಿಮೆ, ಅದರಲ್ಲೂ ಎರಡೂ ಕಡೆ ಇದ್ದರೆ.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ದಿನಕ್ಕೊಮ್ಮೆ, ಮಲಗುವ ಮುನ್ನ, ಸಣ್ಣ ಪ್ರಮಾಣದ ಆಂಟಿಬಯಾಟಿಕ್ ಕೊಡುತ್ತಾರೆ. ರಾತ್ರಿಯಿಡೀ ಮೂತ್ರ ಚೀಲದಲ್ಲಿ ನಿಲ್ಲುವುದರಿಂದ ಆ ಹೊತ್ತು. ಇದರಿಂದ ಲಾಭವಿದೆಯೇ ಎಂಬ ಜಗಳ ದಶಕಗಳ ಕಾಲ ನಡೆಯಿತು. ಅಮೆರಿಕದಲ್ಲಿ 607 ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿದ ರಿವರ್ ಎಂಬ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಸೋಂಕು ಮರುಕಳಿಸುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು, ಆದರೆ ಕಿಡ್ನಿಯ ಕಲೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಶಸ್ತ್ರಚಿಕಿತ್ಸೆಯನ್ನೂ ಔಷಧವನ್ನೂ ಎದುರುಬದುರು ಇಟ್ಟು ನೋಡಿದ ಹಳೆಯ ಅಂತರರಾಷ್ಟ್ರೀಯ ಅಧ್ಯಯನದಲ್ಲೂ ಹೊಸ ಕಲೆಗಳ ಸಂಖ್ಯೆ ಎರಡೂ ಕಡೆ ಹತ್ತಿರ ಹತ್ತಿರವೇ ಇತ್ತು. ಶಸ್ತ್ರಚಿಕಿತ್ಸೆಯಾದವರಲ್ಲಿ ಜ್ವರದ ಸೋಂಕು ಕಡಿಮೆಯಾಗಿತ್ತು, ಅಷ್ಟೆ. ಆಪರೇಷನ್ ಮಾಡಿಸಿದರೆ ಕಿಡ್ನಿ ಉಳಿಯುತ್ತದೆ, ಮಾಡಿಸದಿದ್ದರೆ ಹೋಗುತ್ತದೆ ಎಂದು ಕಡ್ಡಿ ಮುರಿದಂತೆ ಹೇಳುವವರನ್ನು ನಾನು ನಂಬುವುದಿಲ್ಲ.

ಕಾಯುವ ಅವಧಿಯ ಇನ್ನೊಂದು ಕೆಲಸಕ್ಕೆ ನಮ್ಮಲ್ಲಿ ಬೆಲೆಯೇ ಇಲ್ಲ: ಮಲಬದ್ಧತೆ ಬಿಡಿಸುವುದು. ಗಟ್ಟಿ ಮಲ ತುಂಬಿದ ಕರುಳು ಪಕ್ಕದ ಮೂತ್ರಚೀಲವನ್ನು ಒತ್ತಿ, ಅದು ಪೂರ್ತಿ ಖಾಲಿಯಾಗದಂತೆ ಮಾಡುತ್ತದೆ. ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶಾಲೆಗೆ ಹೋಗುವ ಹೆಣ್ಣುಮಕ್ಕಳು ಶೌಚಾಲಯದ ಸ್ಥಿತಿಗೆ ಹೆದರಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕಟ್ಟಿಕೊಳ್ಳುತ್ತಾರಲ್ಲ, ಅವರ ಚೀಲ ಬಿಗಿಯಾಗಿ, ಒಳಗಿನ ಒತ್ತಡ ಏರಿ ಸಣ್ಣ ರಿಫ್ಲಕ್ಸೂ ದೊಡ್ಡದಾಗುತ್ತದೆ. ಇದನ್ನು ಸರಿಪಡಿಸದೆ ಚಾಕು ಹಿಡಿದರೆ ಶಸ್ತ್ರಚಿಕಿತ್ಸೆ ಸೋಲುವ ಸಾಧ್ಯತೆ ಹೆಚ್ಚು. ನಮ್ಮ ಹುಡುಗಿಗೆ ಆರು ತಿಂಗಳು ಮಲ ಸಡಿಲಿಸುವ ಔಷಧ, ಎರಡು ಮೂರು ಗಂಟೆಗೊಮ್ಮೆ ತಪ್ಪದೆ ಬಚ್ಚಲಿಗೆ, ಹಾಲು ಬಿಸ್ಕತ್ತಿನ ಬದಲು ಸೊಪ್ಪು ತರಕಾರಿ. ಕಾಯಿಲೆಯ ಕತೆ ಕೇಳಲು ಬಂದವರಿಗೆ ಈ ಭಾಗ ರುಚಿಸುತ್ತಿರಲಿಲ್ಲ.

ಹಾಗಾದರೆ ಶಸ್ತ್ರಚಿಕಿತ್ಸೆ ಯಾರಿಗೆ? ದಿನವೂ ಔಷಧ ಕೊಡುತ್ತಿದ್ದರೂ ಜ್ವರದ ಸೋಂಕು ಭೇದಿಸಿಕೊಂಡು ಬರುವವರಿಗೆ. ಹೊಸ ಕಲೆಗಳು ಬೀಳುತ್ತಿರುವವರಿಗೆ. ವರ್ಷಗಳು ಕಳೆದರೂ ಮೇಲಿನ ದರ್ಜೆಯಲ್ಲೇ ನಿಂತವರಿಗೆ. ಎಷ್ಟೋ ಸಲ ದಿನವೂ ಔಷಧ ಕೊಡುವುದು ಸಾಧ್ಯವಿಲ್ಲದ ಮನೆಯ ಪರಿಸ್ಥಿತಿಯೂ ನ್ಯಾಯವಾದ ಕಾರಣವೇ. ನಮ್ಮ ಮಗುವಿಗೆ ಔಷಧದ ನಡುವೆಯೇ ಎರಡು ಸಲ ಜ್ವರ ಬಂತು, ಎಡಗಡೆ ನಾಲ್ಕನೆಯ ದರ್ಜೆ ಕದಲಲಿಲ್ಲ. ನಾಲ್ಕನೆಯ ವಯಸ್ಸಿಗೆ ನಿರ್ಧಾರವಾಯಿತು. ಇದು ತುರ್ತಿನ ಶಸ್ತ್ರಚಿಕಿತ್ಸೆಯಲ್ಲವಾದ್ದರಿಂದ ದಿನ ಆರಿಸಿಕೊಳ್ಳಬಹುದು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜಾರಿದರೆ ಮಗುವಿನ ಜೊತೆ ಸಿಕ್ಕಿಬೀಳುತ್ತೇವೆ ಎಂದು ಜನವರಿ ಆರಿಸಿದೆವು. ಕಾಫಿ ಕೊಯ್ಲಿನ ಕಾಲ. ತಂಗಿಯ ಗಂಡನಿಗೆ ಅದೊಂದು ಸಂಕಟ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಕೆಲವು ಗಂಡುಮಕ್ಕಳಲ್ಲಿ ಹೊರನಾಳದೊಳಗೆ ಹುಟ್ಟಿನಿಂದಲೇ ಪೊರೆ ಅಡ್ಡವಿದ್ದು, ಚೀಲದಲ್ಲಿ ಒತ್ತಡ ಏರಿ ರಿಫ್ಲಕ್ಸ್ ಆಗುತ್ತದೆ. ಬೆನ್ನುಹುರಿಯ ದೋಷವಿರುವ ಮಕ್ಕಳಲ್ಲಿ ಚೀಲದ ನರಗಳೇ ಕೆಟ್ಟಿರುತ್ತವೆ. ಇಂಥವರಲ್ಲಿ ಸುರಂಗಕ್ಕೆ ಕೈಹಾಕುವುದು ಮೊದಲ ಕೆಲಸವಲ್ಲ. ಪೊರೆಯನ್ನು ದುರ್ಬೀನಿನ ಮೂಲಕ ಬಿಡಿಸಬೇಕು, ಚೀಲದ ಒತ್ತಡ ಇಳಿಸಬೇಕು. ಕಾಲುವೆಯ ತೂಬು ಕಟ್ಟಿಕೊಂಡಿರುವಾಗ ಗದ್ದೆಯ ಬದು ಎತ್ತರಿಸಿದರೆ ಏನು ಬಂತು?

ಈಗ ಶಸ್ತ್ರಚಿಕಿತ್ಸೆಯ ಒಳಗೆ ಹೋಗೋಣ. ಅಮೆರಿಕದ ಹಚ್ ಎಂಬ ಶಸ್ತ್ರಚಿಕಿತ್ಸಕರು 1952ರಲ್ಲಿ ಬೆನ್ನುಹುರಿಗೆ ಪೆಟ್ಟಾದ ರೋಗಿಗಳಲ್ಲಿ ರಿಫ್ಲಕ್ಸನ್ನು ಸರಿಪಡಿಸಲು ಹೊರಟರು. ಪೊಲಿಟಾನೊ ಮತ್ತು ಲೆಡ್‌ಬೆಟರ್ 1958ರಲ್ಲಿ ಪ್ರಕಟಿಸಿದ ವಿಧಾನ ದಾರಿ ತೆರೆಯಿತು. ಆಮೇಲೆ ಹಲವರು ಹಲವು ಬಗೆ ಕಂಡುಹಿಡಿದರು. ಹೆಸರುಗಳು ಬೇರೆಯಾದರೂ ಎಲ್ಲರೂ ಮಾಡುವುದು ಒಂದನ್ನೇ: ನಾಳವನ್ನು ಬಿಡಿಸಿ, ಹೆಚ್ಚು ಉದ್ದದ ಹೊಸ ಸುರಂಗದಲ್ಲಿ ಮಲಗಿಸುವುದು. ಹೊರಗಿನ ಯಾವ ವಸ್ತುವನ್ನೂ ಕೂರಿಸುವುದಿಲ್ಲ. ಮಗುವಿನದೇ ನಾಳ, ಮಗುವಿನದೇ ಚೀಲ.

ನಮ್ಮ ಮಗುವಿಗೆ ಮಾಡಿದ್ದು ಕೊಹೆನ್ 1975ರಲ್ಲಿ ವಿವರಿಸಿದ ವಿಧಾನ. ಕಿಬ್ಬೊಟ್ಟೆಯ ಕೆಳಗೆ, ಒಳ ಚಡ್ಡಿಯ ಗೆರೆಯೊಳಗೆ ಮುಚ್ಚಿಹೋಗುವಂತೆ ಅಡ್ಡಲಾಗಿ ಸಣ್ಣ ಗಾಯ ಮಾಡುತ್ತಾರೆ. ಚೀಲವನ್ನು ತೆರೆದರೆ ತಳದಲ್ಲಿ ಎರಡು ನಾಳಗಳ ಬಾಯಿ ಕಾಣುತ್ತದೆ. ಬಾಯಿಯೊಳಗೆ ತೆಳುವಾದ ಕೊಳವೆ ತೂರಿಸಿ, ಸುತ್ತ ಕೊಯ್ದು, ನಾಳವನ್ನು ಸ್ನಾಯುವಿನಿಂದ ಎಳೆಯೆಳೆಯಾಗಿ ಬಿಡಿಸುತ್ತಾರೆ. ನಾಳಕ್ಕೆ ರಕ್ತ ಕೊಡುವ ಕೂದಲೆಳೆಯ ರಕ್ತನಾಳಗಳು ಅದರ ಮೈಯನ್ನೇ ಅಂಟಿಕೊಂಡಿರುತ್ತವೆ. ಅವನ್ನು ಕೆಡಿಸಿದರೆ ಮುಂದೆ ನಾಳ ಕುಗ್ಗಿ ಕಟ್ಟಿಕೊಳ್ಳಬಹುದು. ಕೈಚಳಕ ಬೇಕಾಗುವುದು ಇಲ್ಲಿಯೇ. ಬಿಡಿಸಿದ ಮೇಲೆ ಚೀಲದ ಒಳಪದರವನ್ನು ಅಡಿಯ ಸ್ನಾಯುವಿನಿಂದ ಎಬ್ಬಿಸುತ್ತಾ ಎಡದಿಂದ ಬಲಕ್ಕೆ ಅಡ್ಡಲಾಗಿ ಸುರಂಗ ತೋಡುತ್ತಾರೆ. ಎಡಗಡೆಯ ನಾಳ ಅದರೊಳಗೆ ಸಾಗಿ ಬಲಬದಿಯಲ್ಲಿ ಬಾಯಿ ತೆರೆಯುತ್ತದೆ, ಬಲಗಡೆಯದು ಎಡಬದಿಯಲ್ಲಿ. ಅಲ್ಲಿ ತಾನಾಗಿ ಕರಗುವ ನವಿರಾದ ದಾರದಿಂದ ಹೊಲಿಯುತ್ತಾರೆ. ಮಗುವಿನ ಎಡನಾಳದ ಅಗಲ 7 ಮಿಲಿಮೀಟರ್ ಇತ್ತು. ಐದು ಪಟ್ಟು ಎಂದರೆ 35 ಮಿಲಿಮೀಟರ್, ಒಂದೂವರೆ ಅಂಗುಲಕ್ಕೆ ತುಸು ಕಡಿಮೆ. ಅಷ್ಟು ಉದ್ದದ ಸುರಂಗಕ್ಕಾಗಿ ನಾವು ಘಟ್ಟ ಇಳಿದದ್ದು. ನಾಳ ತೀರಾ ಹಿಗ್ಗಿದ್ದರೆ ಐದು ಪಟ್ಟಿನ ಸುರಂಗಕ್ಕೆ ಚೀಲದಲ್ಲಿ ಜಾಗವೇ ಸಾಲದು. ಆಗ ನಾಳದ ತುದಿಯನ್ನು ಮೊದಲು ಕಿರಿದು ಮಾಡಿ ಹೊಲಿಯುತ್ತಾರೆ.

ಚೀಲವನ್ನು ತೆರೆಯದೆ ಮಾಡುವ ಇನ್ನೊಂದು ಬಗೆಗೆ ಲಿಚ್ ಮತ್ತು ಗ್ರೆಗ್ವಾರ್ ಎಂಬಿಬ್ಬರ ಹೆಸರಿದೆ. ಇದನ್ನು ಹೊಲದಲ್ಲಿ ಪೈಪು ಹೂಳುವುದಕ್ಕೆ ಹೋಲಿಸಬಹುದು: ಚೀಲದ ಹೊರಮೈಯ ಸ್ನಾಯುವಿನಲ್ಲಿ ಒಂದು ಕಾಲುವೆ ಸೀಳಿ, ನಾಳವನ್ನು ಅದರೊಳಗೆ ಮಲಗಿಸಿ, ಎರಡೂ ಬದಿಯ ಸ್ನಾಯುವನ್ನು ಮೇಲೆ ಎಳೆದು ಹೊಲಿಯುವುದು. ಚೀಲ ತೆರೆಯದ ಕಾರಣ ಮೂತ್ರದಲ್ಲಿ ರಕ್ತ, ನೋವು ಕಡಿಮೆ. ಆದರೆ ಎರಡೂ ಕಡೆ ಒಂದೇ ಸಲ ಮಾಡಿದರೆ ಚೀಲದ ಹಿಂದಿನ ನರಗಳಿಗೆ ತೊಂದರೆಯಾಗಿ ಕೆಲವು ಮಕ್ಕಳಿಗೆ ಕೆಲವು ದಿನ ಅಥವಾ ವಾರ ಮೂತ್ರ ಕಟ್ಟಬಹುದು. ಲ್ಯಾಪರೊಸ್ಕೋಪಿ, ರೋಬೋಟ್ ಬಳಸಿ ಮಾಡುವವರು ಹೆಚ್ಚಾಗಿ ಈ ದಾರಿಯನ್ನೇ ಹಿಡಿಯುತ್ತಾರೆ. ರೋಬೋಟ್ ಎಂಬ ಪದಕ್ಕೆ ಮರುಳಾಗಬೇಕಿಲ್ಲ. ಸಣ್ಣ ಮಕ್ಕಳಲ್ಲಿ ತೆರೆದ ಶಸ್ತ್ರಚಿಕಿತ್ಸೆಯ ಗಾಯವೇ ಚಿಕ್ಕದು, ಅದರ ಯಶಸ್ಸು ನೂರಕ್ಕೆ 95ಕ್ಕೂ ಹೆಚ್ಚು. ಯಂತ್ರ ಯಾವುದು ಎನ್ನುವುದಕ್ಕಿಂತ, ಇಂಥವನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಕೇಳುವುದು ಮೇಲು. ಹೀಗೆ ಕೇಳಿದರೆ ಒಳ್ಳೆಯ ವೈದ್ಯರಿಗೆ ಸಿಟ್ಟು ಬರುವುದಿಲ್ಲ.

ಗಾಯವೇ ಇಲ್ಲದ ಮೂರನೆಯ ದಾರಿಯೂ ಇದೆ. ಹೊರನಾಳದ ಮೂಲಕ ದುರ್ಬೀನು ಹಾಕಿ, ನಾಳದ ಬಾಯಿಯ ಅಡಿಯಲ್ಲಿ ಸೂಜಿಯಿಂದ ಒಂದು ವಸ್ತುವನ್ನು ತುಂಬಿ ಗುಡ್ಡೆ ಎಬ್ಬಿಸುವುದು. ಗುಡ್ಡೆ ನಾಳವನ್ನು ಕೆಳಗಿನಿಂದ ಎತ್ತಿ ಹಿಡಿದು ಬಾಯಿ ಬಿಗಿ ಮಾಡುತ್ತದೆ. 1980ರ ದಶಕದಲ್ಲಿ, ಮುಖ್ಯವಾಗಿ ಡಬ್ಲಿನ್‌ನ ಓ'ಡಾನೆಲ್ ಮತ್ತು ಪುರಿ ಅವರಿಂದ, ಈ ವಿಧಾನ ಜನಪ್ರಿಯವಾಯಿತು. ಆಗ ತುಂಬುತ್ತಿದ್ದುದು ಟೆಫ್ಲಾನ್. ಅದರ ಕಣಗಳು ದೇಹದ ಬೇರೆ ಕಡೆಗೆ ಹೋಗಬಹುದೆಂಬ ಆತಂಕ ಎದ್ದ ಮೇಲೆ ಡೆಫ್ಲಕ್ಸ್ ಎಂಬ ಜೆಲ್ ಬಂತು. ಅಮೆರಿಕದಲ್ಲಿ 2001ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅರಿವಳಿಕೆ ಕೊಟ್ಟು ಕಾಲು ಗಂಟೆಯ ಕೆಲಸ, ಅಂದೇ ಮನೆಗೆ. ಕೆಳಗಿನ ದರ್ಜೆಗಳಲ್ಲಿ ಹತ್ತರಲ್ಲಿ ಏಳೆಂಟು ಮಕ್ಕಳಿಗೆ ಒಂದೇ ಚುಚ್ಚಿಗೆ ನಿಲ್ಲುತ್ತದೆ. ದರ್ಜೆ ಏರಿದಂತೆ ಫಲ ಇಳಿಯುತ್ತದೆ, ಮತ್ತೆ ಚುಚ್ಚಬೇಕಾಗಬಹುದು, ಕೆಲವರಲ್ಲಿ ವರ್ಷಗಳ ಮೇಲೆ ಮರುಕಳಿಸುವುದೂ ಉಂಟು. ಜೆಲ್ ದುಬಾರಿ. ನಮ್ಮ ವೈದ್ಯರು ಎರಡನ್ನೂ ವಿವರಿಸಿ, ಎಡಗಡೆಯ ಸ್ಥಿತಿಗೆ ತೆರೆದ ಶಸ್ತ್ರಚಿಕಿತ್ಸೆಯೇ ಸರಿ ಎಂದರು. ಮೂರನೆಯ ದರ್ಜೆಯಾಗಿದ್ದರೆ ನಾನು ಬಹುಶಃ ಸೂಜಿಯನ್ನೇ ಆರಿಸಲು ಹೇಳುತ್ತಿದ್ದೆ.

ಹಣದ ಮಾತು. ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್ ಕಾರ್ಡಿನವರಿಗೆ ಯೋಜನೆಯ ದರದಲ್ಲಿ ನೂರಕ್ಕೆ 30 ಭಾಗ ಮಾತ್ರ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲೇ ಕೇಳಿಕೊಳ್ಳಿ. ದಾಖಲಾದ ಮೇಲೆ ಅದಕ್ಕಾಗಿ ಒಬ್ಬರು ಹಾಸನಕ್ಕೆ ಓಡಬೇಕಾದದ್ದನ್ನು ನಾನು ಕಂಡಿದ್ದೇನೆ.

ಶಸ್ತ್ರಚಿಕಿತ್ಸೆಯ ನಂತರದ ಮೊದಲ ಎರಡು ದಿನಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ಕ್ಯಾಥೆಟರಿನಲ್ಲಿ ಬರುವ ಮೂತ್ರ ದಾಸವಾಳ ಅದ್ದಿದ ನೀರಿನ ಬಣ್ಣದಲ್ಲಿರುತ್ತದೆ; ಅದು ನಿರೀಕ್ಷಿತ. ಚೀಲ ಆಗಾಗ ಸೆಳೆತಕ್ಕೊಳಗಾಗಿ ಮಗು ಕಾಲು ಮಡಚಿ ಚೀರುತ್ತದೆ. ಅದಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಔಷಧದಿಂದ ಬಾಯಿ ಒಣಗಿ, ಮುಖ ಕೆಂಪಾಗಿ, ಮತ್ತೆ ಮಲ ಗಟ್ಟಿಯಾಗುತ್ತದೆ. ಆದ್ದರಿಂದ ಮಲ ಸಡಿಲಿಸುವ ಔಷಧ ಕೈಯಲ್ಲೇ ಇರಲಿ. ನಾಳದೊಳಗೆ ಸ್ಟೆಂಟ್ ಎಂಬ ತಾತ್ಕಾಲಿಕ ಕೊಳವೆ ಇಟ್ಟಿದ್ದರೆ ಕೆಲವು ವಾರಗಳ ಮೇಲೆ ತೆಗೆಸಲು ಮರೆಯಬಾರದು. ಮರೆತವರಿದ್ದಾರೆ, ಮರೆತ ಸ್ಟೆಂಟಿನ ಮೇಲೆ ಕಲ್ಲು ಕಟ್ಟಿರುವುದಿದೆ. ಒಂದೂವರೆ ತಿಂಗಳಿಂದ ಮೂರು ತಿಂಗಳೊಳಗೆ ಅಲ್ಟ್ರಾಸೌಂಡ್ ಮಾಡಿ ನಾಳ ಕಟ್ಟಿಕೊಂಡಿಲ್ಲ ಎಂದು ನೋಡುತ್ತಾರೆ. ಮೊದಲ ವಾರಗಳಲ್ಲಿ ಕಾಣುವ ತುಸು ಊತ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ.

ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ತಿಂಗಳಿಗೆ, ಹಾಸನಾಂಬೆಯ ಬಾಗಿಲು ತೆರೆಯುವ ಕಾಲಕ್ಕೆ ಸರಿಯಾಗಿ, ಹುಡುಗಿಗೆ ಮತ್ತೆ ಉರಿಮೂತ್ರ ಬಂತು. ಮನೆಯಲ್ಲಿ ಅಳು, ಆಪರೇಷನ್ ಕೆಟ್ಟಿತೆಂಬ ತೀರ್ಮಾನ. ಕೆಟ್ಟಿರಲಿಲ್ಲ. ಹೊಸ ಸುರಂಗ ತಡೆಯುವುದು ಮೂತ್ರ ಮೇಲೇರುವುದನ್ನೇ ಹೊರತು, ಹೊರಗಿನಿಂದ ಚೀಲಕ್ಕೆ ಬ್ಯಾಕ್ಟೀರಿಯಾ ಬರುವುದನ್ನಲ್ಲ. ಚೀಲದ ಸೋಂಕು ಮುಂದೆಯೂ ಬರಬಹುದು. ಉರಿ ಇರುತ್ತದೆ, ಪದೇ ಪದೇ ಹೋಗಬೇಕೆನಿಸುತ್ತದೆ, ಆದರೆ 103 ಡಿಗ್ರಿ ಜ್ವರ ಇರುವುದಿಲ್ಲ. ಜ್ವರ ಬಂದರೆ ಮಾತ್ರ ಮತ್ತೆ ಎಂಸಿಯು ಯೋಚಿಸಬೇಕು ಎಂದರು ವೈದ್ಯರು. ಮೂರು ದಿನದ ಔಷಧಕ್ಕೆ ಉರಿ ಇಳಿಯಿತು.

ಡಿಸ್ಚಾರ್ಜ್ ಪತ್ರವನ್ನು ಜಮೀನಿನ ಕಾಗದಗಳ ಜೊತೆಗೇ ಇಟ್ಟಿದ್ದಾರೆ. ಅದು ಸರಿ. ಕೊಹೆನ್ ವಿಧಾನದಲ್ಲಿ ನಾಳಗಳ ಬಾಯಿ ಅಡ್ಡ ತಿರುಗಿರುವುದರಿಂದ, ಮೂವತ್ತು ವರ್ಷದ ಮೇಲೆ ಕಲ್ಲು ಬಂದು ಯಾರಾದರೂ ದುರ್ಬೀನು ಹಾಕಿದರೆ ದಾರಿ ಹುಡುಕಲು ತಿಣುಕಬೇಕಾಗುತ್ತದೆ. ಹಿಂದೆ ಏನು ಮಾಡಿದ್ದಾರೆಂದು ಅವರಿಗೆ ತಿಳಿಯಬೇಕು. ಜೆಲ್ ಚುಚ್ಚಿಸಿಕೊಂಡವರಿಗೂ ಇದೇ ಮಾತು, ವರ್ಷಗಳು ಕಳೆದಂತೆ ಆ ಗುಡ್ಡೆಯಲ್ಲಿ ಸುಣ್ಣ ಕೂಡಿ ಸಿಟಿ ಸ್ಕ್ಯಾನಿನಲ್ಲಿ ಕಲ್ಲಿನಂತೆ ಕಾಣುವುದುಂಟು. ಹುಡುಗಿ ದೊಡ್ಡವಳಾಗಿ ಬಸುರಿಯಾದಾಗ ಹೆರಿಗೆ ವೈದ್ಯರಿಗೂ ಹೇಳಬೇಕು; ಕಿಡ್ನಿಯಲ್ಲಿ ಕಲೆ ಇದ್ದವರಲ್ಲಿ ಆಗ ರಕ್ತದೊತ್ತಡ, ಸೋಂಕು ಎರಡರ ಮೇಲೂ ಕಣ್ಣಿಡುತ್ತಾರೆ.

ಅವಳಿಗೆ ಈಗ ಒಂಬತ್ತು ವರ್ಷ. ಸುರಂಗ ಸರಿಹೋದರೂ ಎಡ ಕಿಡ್ನಿಯ ಆ ಕಲೆ ಹಾಗೇ ಇದೆ, ಇರುತ್ತದೆ. ಅದಕ್ಕಾಗಿ ವರ್ಷಕ್ಕೊಮ್ಮೆ ಹಾಸನಕ್ಕೆ ಹೋಗಿ ಮೂತ್ರದಲ್ಲಿ ಪ್ರೋಟೀನ್ ನೋಡಿಸಿ, ರಕ್ತದೊತ್ತಡ ಅಳೆಸಿಕೊಂಡು ಬರುತ್ತಾರೆ. ದೊಡ್ಡವರ ತೋಳುಪಟ್ಟಿಯನ್ನು ಮಗುವಿನ ತೋಳಿಗೆ ಸುತ್ತಿದರೆ ಒತ್ತಡ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಏರಿದ್ದರೂ ಗೊತ್ತಾಗುವುದಿಲ್ಲ. ಮಕ್ಕಳ ಅಳತೆಯ ಪಟ್ಟಿ ಎಲ್ಲ ಕಡೆ ಇರುವುದಿಲ್ಲ. ಎರಡು ಸಲ ಇಲ್ಲವೆನ್ನಿಸಿಕೊಂಡು ಬಂದ ಮೇಲೆ ತಂಗಿ ತಾನೇ ಒಂದನ್ನು ಕೊಂಡಳು. ಈಗ ಬೇಲೂರಿನ ಬಸ್ ಹತ್ತುವಾಗ ಅವಳ ಚೀಲದಲ್ಲಿ ನೀರಿನ ಬಾಟಲಿಯ ಪಕ್ಕ ಆ ಪುಟ್ಟ ಪಟ್ಟಿಯೂ ಇರುತ್ತದೆ.